ದುಡ್ಡಿಗೆ ಸಿಗದ ಮೀನು

ನ್ಯೂಜಿಲೆಂಡಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಸಿಗದ ಒಂದು ಮೀನಿದೆ. ಸೂಪರ್‌ಮಾರ್ಕೆಟ್ಟಿಗೆ ಹೋದರೆ ಸಾಲ್ಮನ್ ಸಿಗುತ್ತೆ, ಸ್ನ್ಯಾಪರ್ ಸಿಗುತ್ತೆ, ಸಿಗಡಿ ಸಿಗುತ್ತೆ. ಈ ದೇಶದ ಹೊಳೆ, ಸರೋವರಗಳಲ್ಲಿ ಓಡಾಡಿಕೊಂಡಿರುವ ರೇನ್‌ಬೋ ಟ್ರೌಟ್ ಮಾತ್ರ ಸಿಗಲ್ಲ. ಅದನ್ನು ಮಾರುವುದು ಇಲ್ಲಿ ಅಪರಾಧ. ವ್ಯಾಪಾರಕ್ಕೆಂದು ಸಾಕುವಂತೆಯೂ ಇಲ್ಲ. ಹಾಗಾಗಿ ಹೋಟೆಲಿನ ಮೆನುವಿನಲ್ಲೂ ಅದರ ಹೆಸರಿಲ್ಲ. ನೀವೇ ಹಿಡಿದು ತಂದರೆ ಅಡುಗೆ ಮಾಡಿ ಕೊಡುವ ಹೋಟೆಲಿನವರಿದ್ದಾರೆ, ಹೊಗೆಯಲ್ಲಿ ಬೇಯಿಸಿ ಕೊಡುವವರೂ ಇದ್ದಾರೆ. ಅವರು ತಗೊಳ್ಳೋದು ಕೆಲಸದ ಕೂಲಿ, ಮೀನಿನ ಬೆಲೆ ಅಲ್ಲ.

ಅಂದರೆ ಟ್ರೌಟ್ ತಿನ್ನೋಕೆ ಎರಡೇ ದಾರಿ. ಒಂದೋ ನೀವು ಹಿಡೀಬೇಕು, ಇಲ್ಲವೇ ಹಿಡಿದವರು ಪ್ರೀತಿಯಿಂದ ಕೊಡಬೇಕು.

ಕೊತ್ತಂಬರಿ ಸೊಪ್ಪನ್ನೂ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರಿಸಿಕೊಳ್ಳುವ ಕಾಲದಲ್ಲಿ ಇಂಥದ್ದೊಂದು ವಸ್ತು ಇದೆ ಅನ್ನೋದೇ ನನಗೆ ಮಜಾ ಅನ್ನಿಸಿತ್ತು. ಆಕ್ಲಂಡಿಗೆ ಬಂದು ನಾಲ್ಕು ವರ್ಷ ಆಯ್ತು. ಮೊದಲ ಟ್ರೌಟ್ ತಿಂದದ್ದು ಎರಡನೇ ದಾರಿಯಲ್ಲಿ. ನಮ್ಮ ಟೀಮಿನ ಟೆಸ್ಟರ್ ಒಬ್ಬ ಟೌಪೊ ಸರೋವರದ ದಕ್ಷಿಣ ದಡದ ಟೂರಂಗಿ ಕಡೆಯವನು, ಮಾವೊರಿ. ಊರಿಗೆ ಹೋಗಿ ಬಂದ ಒಂದು ಸೋಮವಾರ ಪೇಪರಿನಲ್ಲಿ ಸುತ್ತಿದ ಒಂದು ತುಂಡು ಮೀನನ್ನು ನನ್ನ ಟೇಬಲ್ ಮೇಲಿಟ್ಟ. ಕಿತ್ತಳೆ ಬಣ್ಣದ ಮಾಂಸ, ಹೊಗೆಯ ವಾಸನೆ. ಬದಲಿಗೆ ಏನು ಕೊಡಲಿ ಅಂದೆ. "ಏನೂ ಬೇಡ, ನೀನೂ ಬಾ, ಹಿಡಿ" ಅಂದ. ಅಲ್ಲಿಂದ ಶುರುವಾದದ್ದು ಈ ಹುಚ್ಚು.

ಲಿಂಗನಮಕ್ಕಿಯ ಎರಡು ಪಟ್ಟು

ಟೌಪೊ ನ್ಯೂಜಿಲೆಂಡಿನ ಉತ್ತರ ದ್ವೀಪದ ಹೊಕ್ಕುಳಲ್ಲಿದೆ. ಆಕ್ಲಂಡಿನಿಂದ ಕಾರಿನಲ್ಲಿ ಮೂರೂವರೆ ತಾಸು. ಸುಮಾರು 616 ಚದರ ಕಿಲೋಮೀಟರ್ ನೀರು. ನಮ್ಮ ಲಿಂಗನಮಕ್ಕಿ ಹಿನ್ನೀರು ನೋಡಿದವರು ಅದರ ಎರಡು ಪಟ್ಟು ಅಂದುಕೊಳ್ಳಿ. ಇದು ಅಣೆಕಟ್ಟಿನಿಂದ ಆದದ್ದಲ್ಲ, ಸುಮಾರು 25 ಸಾವಿರ ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದು ನೆಲ ಕುಸಿದು ಉಂಟಾದ ಗುಂಡಿ. ಇದರಿಂದ ಹೊರಡುವ ವೈಕಾಟೊ ನದಿಯ ನೀರಿನಲ್ಲಿ ಒಂದು ಪಾಲು ಆಕ್ಲಂಡಿನ ನಲ್ಲಿಗೂ ಬರುತ್ತೆ.

ಇಷ್ಟು ದೊಡ್ಡ ನೀರಿನಲ್ಲಿ ಮೀನು ಎಲ್ಲಿರುತ್ತೆ? ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಹರಿಯುವಾಗ ಹೊಳೆಯ ಮೀನು ಮೊಟ್ಟೆ ಇಡೋಕೆ ಹಳ್ಳ, ತೋಡು, ಗದ್ದೆಯವರೆಗೂ ಏರಿ ಬರುತ್ತೆ. ಅದೇ ಹತ್ತುಮೀನು. ಆ ರಾತ್ರಿ ಊರಿಗೆ ಊರೇ ಟಾರ್ಚು, ಕತ್ತಿ, ಕೂಣಿ ಹಿಡಿದು ಹೊರಡುತ್ತೆ. ಟೌಪೊದ ಟ್ರೌಟ್ ಮಾಡೋದೂ ಅದನ್ನೇ. ವರ್ಷವಿಡೀ ಸರೋವರದಲ್ಲಿ ತಿಂದು ಕೊಬ್ಬಿ, ಚಳಿಗಾಲ ಬಂತೆಂದರೆ ಸುತ್ತಲಿನ ನದಿಗಳಿಗೆ ಏರುತ್ತೆ. ಏರುವ ಮೊದಲು ನದಿ ಸರೋವರ ಸೇರುವ ಬಾಯಲ್ಲಿ ಗುಂಪು ಕಟ್ಟಿಕೊಂಡು ಕಾಯುತ್ತೆ. ಬೇಸಿಗೆಯಲ್ಲಿ ಕಾರಣ ಬೇರೆ. ಸರೋವರದ ಮೇಲಿನ ನೀರು ಬೆಚ್ಚಗಾಗಿರುತ್ತೆ, ನದಿಯ ನೀರು ತಣ್ಣಗಿರುತ್ತೆ. ತಂಪು ಹುಡುಕಿಕೊಂಡು ಮತ್ತೆ ಅದೇ ಬಾಯಿಗೆ ಬರುತ್ತೆ.

ಹಾಗಾಗಿ ಇಲ್ಲಿನವರೂ ಅಲ್ಲೇ ನಿಲ್ತಾರೆ. ಪೂರ್ವ ದಡದ ವೈಟಹನುಯಿ ನದಿಯ ಬಾಯಲ್ಲಿ ಎದೆಯವರೆಗೆ ರಬ್ಬರಿನ ಉಡುಪು ತೊಟ್ಟು, ಸೊಂಟದ ನೀರಿನಲ್ಲಿ ಭುಜಕ್ಕೆ ಭುಜ ತಾಗುವ ಹಾಗೆ ಸಾಲಾಗಿ ನಿಲ್ಲುವ ಜನರನ್ನು ಹೆದ್ದಾರಿಯಿಂದಲೇ ನೋಡಬಹುದು. ಆ ಸಾಲಿಗೆ 'ಬೇಲಿ' ಅಂತಲೇ ಅಡ್ಡಹೆಸರು. ಸಾಲಿನ ಮಧ್ಯೆ ನುಗ್ಗುವಂತಿಲ್ಲ, ತುದಿಯಲ್ಲಿ ಸೇರಿಕೊಳ್ಳಬೇಕು. ಯಾರಿಗಾದರೂ ಮೀನು ಸಿಕ್ಕಿದರೆ ಅಕ್ಕಪಕ್ಕದವರು ತಮ್ಮ ದಾರ ಎಳೆದುಕೊಂಡು ಜಾಗ ಬಿಡಬೇಕು. ಎಲ್ಲೂ ಬೋರ್ಡ್ ಇಲ್ಲ, ಎಲ್ಲರಿಗೂ ಗೊತ್ತು.

ತೂಕವಿಲ್ಲದ್ದನ್ನು ಎಸೆಯೋದು

ನಾವು ಊರಲ್ಲಿ ಗಾಳ ಹಾಕುವಾಗ ದಾರಕ್ಕೆ ಸೀಸದ ಗುಂಡು ಕಟ್ತೀವಿ, ಎರೆಹುಳ ಚುಚ್ತೀವಿ, ಬೀಸಿ ಒಗೀತೀವಿ. ಸೀಸದ ತೂಕ ದಾರವನ್ನು ಎಳೆದುಕೊಂಡು ಹೋಗುತ್ತೆ. ಫ್ಲೈ ಫಿಶಿಂಗ್‌ನಲ್ಲಿ ಇದು ಉಲ್ಟಾ. ಇಲ್ಲಿ ಗಾಳದ ಮುಳ್ಳಿಗೆ ಹುಳ ಇಲ್ಲ. ಪುಕ್ಕ, ಮೊಲದ ತುಪ್ಪಳ, ನೂಲು ಸುತ್ತಿ ಮಾಡಿದ ಹುಳದಂಥ, ಮರಿಮೀನಿನಂಥ ಒಂದು ಗೊಂಬೆ ಇರುತ್ತೆ. ಅದಕ್ಕೇ ಫ್ಲೈ ಅನ್ನೋದು. ಅದಕ್ಕೆ ತೂಕವೇ ಇಲ್ಲ. ಗರಿಯನ್ನು ಇಪ್ಪತ್ತು ಮೀಟರ್ ದೂರ ಎಸೀರಿ ನೋಡೋಣ? ಆಗಲ್ಲ.

ಹಾಗಾಗಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ಫ್ಲೈ ಲೈನ್ ಅಂದರೆ ಪ್ಲಾಸ್ಟಿಕ್ ಲೇಪನದ ದಪ್ಪ ಹಗ್ಗದಂಥ ದಾರ. ಅದರ ತುದಿಗೆ ಎರಡು ಮೂರು ಮೀಟರ್ ಕಣ್ಣಿಗೆ ಕಾಣದ ತೆಳು ನೈಲಾನ್, ಅದರ ತುದಿಗೆ ಫ್ಲೈ. ಕೋಲನ್ನು ಹಿಂದಕ್ಕೆ ಬೀಸಿದಾಗ ದಾರ ನಿಮ್ಮ ಬೆನ್ನ ಹಿಂದೆ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತೆ. ಅದು ಪೂರ್ತಿ ನೆಟ್ಟಗಾಗುವವರೆಗೆ ಒಂದು ಕ್ಷಣ ಸುಮ್ಮನಿರಬೇಕು. ಆಗ ಅದರ ತೂಕಕ್ಕೆ ಕೋಲು ಬಾಗುತ್ತೆ, ಬಾಗಿದ ಕೋಲನ್ನು ಮುಂದಕ್ಕೆ ತಂದು ತಟ್ಟನೆ ನಿಲ್ಲಿಸಿದರೆ ದಾರ ಹಾರುತ್ತೆ. ಇಡೀ ವಿದ್ಯೆ ಇರೋದು ಆ ಒಂದು ಕ್ಷಣದಲ್ಲಿ. ಅವಸರ ಮಾಡಿದರೆ ಚಾಟಿ ಹೊಡೆದ ಸದ್ದು ಬರುತ್ತೆ, ಫ್ಲೈ ಕಿತ್ತು ಹೋಗುತ್ತೆ. ತಡ ಮಾಡಿದರೆ ದಾರ ಹಿಂದಿನ ನೀರಿಗೆ ಬೀಳುತ್ತೆ. ಬಲ ಹಾಕಿದಷ್ಟೂ ಕೆಡುತ್ತೆ. ಜಿಮ್ಮಿಗೆ ಹೋಗುವ ಹುಡುಗರಿಗಿಂತ ಎಪ್ಪತ್ತು ದಾಟಿದ ಅಜ್ಜಿಯರು ಇಲ್ಲಿ ದೂರ ಎಸೀತಾರೆ.

ಸರೋವರದ ಬಾಯಿಗೆಂದೇ ಇಲ್ಲಿನವರು ಇಷ್ಟಪಡುವ ಒಂದು ಜಾಣ ಫ್ಲೈ ಇದೆ, ಬೂಬಿ ಅಂತ. ತಲೆಯ ಎರಡೂ ಬದಿಗೆ ಫೋಮಿನ ಎರಡು ಗುಂಡು ಕಣ್ಣು. ಫೋಮ್ ತೇಲುತ್ತೆ, ಆದರೆ ಅದನ್ನು ಕಟ್ಟೋದು ಮುಳುಗುವ ದಾರಕ್ಕೆ. ದಾರ ಹೋಗಿ ಸರೋವರದ ತಳದಲ್ಲಿ ಮಲಗುತ್ತೆ, ಬೂಬಿ ತಳದಿಂದ ಸ್ವಲ್ಪ ಮೇಲೆ ನಿಂತಿರುತ್ತೆ. ನಿಧಾನಕ್ಕೆ ದಾರ ಎಳೆದಾಗ ಕೆಳಗೆ ಬಾಗುತ್ತೆ, ಬಿಟ್ಟಾಗ ಮೇಲೇಳುತ್ತೆ. ಸುಸ್ತಾದ ಮರಿಮೀನಿನ ಥರ. ತಳಕ್ಕೂ ಸಿಕ್ಕಿಹಾಕಿಕೊಳ್ಳಲ್ಲ, ಮೀನಿನ ಕಣ್ಣೆದುರೇ ಇರುತ್ತೆ.

ದೊಡ್ಡ ಮೀನಿಗೆ ಒಳ್ಳೆ ಹೊತ್ತು ಕತ್ತಲೆ. ಹಗಲು ಆಳದಲ್ಲಿರುವ ಟ್ರೌಟ್ ಕತ್ತಲಾದ ಮೇಲೆ ಮೊಣಕಾಲುದ್ದದ ನೀರಿಗೂ ಬರುತ್ತೆ. ರಾತ್ರಿಗೆ ಕಪ್ಪು ಫ್ಲೈ ಕಟ್ತಾರೆ. ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿನೆದುರು ಕಪ್ಪೇ ಚೆನ್ನಾಗಿ ಕಾಣೋದು. ನಡುರಾತ್ರಿ 12ಕ್ಕೆ ಎಲ್ಲರೂ ನಿಲ್ಲಿಸಬೇಕು, ಬೆಳಗಿನ ಜಾವ 5ರವರೆಗೆ ಮೀನಿಗೆ ಬಿಡುವು. ಇದು ಕಾನೂನು. ಫೋನ್ ಬೆಳಕನ್ನು ನೀರಿನ ಮೇಲೆ ಬಿಟ್ಟರೆ ಸಾಲಿನಲ್ಲಿರುವವರೆಲ್ಲ ಕೆಮ್ಮುತ್ತಾರೆ. ಹಾಗಾಗಿ ಮೂರು ನಾಲ್ಕು ತಾಸು ಫೋನು ಜೇಬಿನೊಳಗೇ.

ಹಿಡಿದಾಗ ಏನಾಗುತ್ತೆ ಅಂತ ಕೇಳ್ತೀರಿ. ಮೊದಲು ಏನೂ ಆಗಲ್ಲ. ದಾರ ಕಲ್ಲಿಗೆ ಸಿಕ್ಕಿದ ಹಾಗೆ ನಿಲ್ಲುತ್ತೆ. ಆಮೇಲೆ ಆ ಕಲ್ಲು ಹೊರಡುತ್ತೆ. ರೀಲ್ ಕಿರ್ರೆನ್ನುತ್ತೆ, ಮೂವತ್ತು ಮೀಟರ್ ದಾರ ಖಾಲಿಯಾಗಿ ಅದರ ಹಿಂದಿನ ತೆಳು ದಾರವೂ ಓಡೋಕೆ ಶುರು. ಕತ್ತಲೆಯಲ್ಲಿ ಎಲ್ಲೋ ದೂರದಲ್ಲಿ ಧಬ್ ಅಂತ ಸದ್ದಾಗುತ್ತೆ. ರೇನ್‌ಬೋ ನೀರಿನಿಂದ ಪೂರ್ತಿ ಹಾರಿ ಬೀಳುವ ಮೀನು. ಅದು ನಿಮ್ಮದೇ ಮೀನು ಅಂತ ಗೊತ್ತಾಗೋಕೆ ಒಂದು ಸೆಕೆಂಡ್ ಬೇಕು. ಅದು ಓಡುವಾಗ ಬಿಡಬೇಕು, ನಿಂತಾಗ ಸುತ್ತಬೇಕು. ಇಲ್ಲಿ ಒಂದೂವರೆ, ಎರಡು ಕೆಜಿಯದು ಮಾಮೂಲು. ಮೂರು ಕೆಜಿ ಬಂದರೆ ಸಾಲಿನವರೆಲ್ಲ ತಿರುಗಿ ನೋಡ್ತಾರೆ. ಹೋದ ಜುಲೈಯಲ್ಲಿ ನನಗೆ ಸಿಕ್ಕ ಹೆಣ್ಣು ಮೀನು ಮೂರು ಕೆಜಿಗೆ ಸ್ವಲ್ಪ ಮೇಲಿತ್ತು. ಬೆಳ್ಳಿಯ ಮೈ, ಪಕ್ಕದಲ್ಲಿ ತೆಳು ಗುಲಾಬಿ ಪಟ್ಟಿ.

ದೊಡ್ಡದು ಹೇಗೆ ದೊಡ್ಡದಾಯ್ತು

ಮೀನು ದೊಡ್ಡದಾಗೋದು ಅದೃಷ್ಟದಿಂದಲ್ಲ. ಈ ಸರೋವರದ ಕತೆ ಕೇಳಿದರೆ ಅದು ಅರ್ಥವಾಗುತ್ತೆ.

ರೇನ್‌ಬೋ ಟ್ರೌಟ್ ಈ ದೇಶದ್ದೇ ಅಲ್ಲ. 1883ರಲ್ಲಿ ಕ್ಯಾಲಿಫೋರ್ನಿಯಾದಿಂದ ಹಡಗಿನಲ್ಲಿ ಆಕ್ಲಂಡಿಗೆ ಮೊಟ್ಟೆಗಳು ಬಂದವು. 1890ರ ದಶಕದ ಕೊನೆಗೆ ಮರಿಗಳನ್ನು ಟೌಪೊಗೆ ಬಿಟ್ಟರು. ಬಿಳಿಯರು ತಮ್ಮ ಆಟಕ್ಕೆ ಹೋದಲ್ಲೆಲ್ಲ ಟ್ರೌಟ್ ಒಯ್ದಿದ್ದಾರೆ, ನಮ್ಮ ಪಕ್ಕದ ನೀಲಗಿರಿಯ ಅವಲಾಂಚಿಗೂ ಅದು ಬಂದದ್ದು ಹಾಗೆಯೇ. ಟೌಪೊದಲ್ಲಿ ಅವಕ್ಕೆ ಹಬ್ಬ. ಸರೋವರದ ತುಂಬ ಕೋವಾರೊ ಅನ್ನುವ ಸಣ್ಣ ನಾಡಮೀನು ಇತ್ತು, ಅದಕ್ಕೆ ಇಂಥ ಶತ್ರುವಿನ ಅಭ್ಯಾಸವೇ ಇರಲಿಲ್ಲ. ತಿಂದವು, ಬೆಳೆದವು. ಮೊದಲ ವರ್ಷಗಳಲ್ಲಿ ನಾಲ್ಕೂವರೆ ಕೆಜಿ ಮೀರಿದ ಟ್ರೌಟ್ ಸಾಮಾನ್ಯವಾಗಿತ್ತು.

ಆಮೇಲೆ ಲೆಕ್ಕ ತಪ್ಪಿತು. ಟ್ರೌಟ್ ಹೆಚ್ಚಿತು, ಕೋವಾರೊ ಖಾಲಿಯಾಯ್ತು. 1910ರ ದಶಕಕ್ಕೆ ಮೀನುಗಳು ತಲೆ ದೊಡ್ಡ, ಮೈ ಸಣಕಲಾಗಿ ಬರತೊಡಗಿದವು. ಆಗ ಸರ್ಕಾರವೇ ಬಲೆ ಹಾಕಿ ರಾಶಿ ರಾಶಿ ಟ್ರೌಟನ್ನು ತೆಗೆಸಿತು. ಬಾಯಿಗಳು ಕಡಿಮೆಯಾದ ಮೇಲೆ ಉಳಿದವು ಮತ್ತೆ ಬೆಳೆದವು. 1920ರ ದಶಕದಲ್ಲಿ ಅಮೆರಿಕದ ಕಾದಂಬರಿಕಾರ ಜೇನ್ ಗ್ರೇ ಬಂದು ಇಲ್ಲಿನ ಟೊಂಗರಿರೊ ನದಿಯ ಬಗ್ಗೆ ಬರೆದು ಲೋಕಕ್ಕೆಲ್ಲ ಸುದ್ದಿ ಮಾಡಿದ್ದು ಇಂಥ ಮೀನುಗಳನ್ನು ಹಿಡಿದ ಮೇಲೆ. 1930ರ ದಶಕದಲ್ಲಿ ರೊಟೊರುವಾ ಕಡೆಯ ಸರೋವರಗಳಿಂದ ಸ್ಮೆಲ್ಟ್ ಅನ್ನುವ ಬೆರಳುದ್ದದ, ಗಾಜಿನಂಥ ಮೀನನ್ನು ತಂದು ಬಿಟ್ಟರು. ಇವತ್ತಿನ ಟ್ರೌಟಿನ ಅನ್ನ ಮುಖ್ಯವಾಗಿ ಅದೇ. ವಸಂತದಲ್ಲಿ ಸ್ಮೆಲ್ಟ್ ಮೊಟ್ಟೆ ಇಡೋಕೆ ಮರಳ ದಡಕ್ಕೆ ಬಂದಾಗ ಟ್ರೌಟ್ ಅಟ್ಟಿಸಿಕೊಂಡು ಬಂದು ಪಾದದುದ್ದದ ನೀರಿನಲ್ಲಿ ಹೊರಳಾಡೋದನ್ನು ದಡದಲ್ಲಿ ನಿಂತೇ ನೋಡಬಹುದು.

ನಾವು ಸಾಫ್ಟ್‌ವೇರಿನವರು ಸರ್ವರ್ ಸೋತಾಗ ಇನ್ನಷ್ಟು ಸರ್ವರ್ ಸೇರಿಸ್ತೀವಿ. ಸರೋವರಕ್ಕೆ ಹಾಗೆ ಸೇರಿಸೋಕೆ ಆಗಲ್ಲ. ಅದರಲ್ಲಿ ಇರುವ ಅನ್ನ ಇಷ್ಟೇ. ಅದನ್ನು ಹತ್ತು ದೊಡ್ಡ ಮೀನು ತಿನ್ನಬಹುದು, ಇಲ್ಲ ನೂರು ಬಡಕಲು ಮೀನು ತಿನ್ನಬಹುದು. ಹಾಗಾಗಿ ಇಲ್ಲಿ ದಿನಕ್ಕೆ ಎಷ್ಟು ಒಯ್ಯಬಹುದು, ಎಷ್ಟು ಉದ್ದಕ್ಕಿಂತ ಚಿಕ್ಕದನ್ನು ಬಿಡಬೇಕು ಅನ್ನುವ ನಿಯಮ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಟೌಪೊಗೆಂದೇ ಬೇರೆ ಲೈಸೆನ್ಸ್ ಇದೆ, ದೇಶದ ಉಳಿದ ಕಡೆಯದು ಇಲ್ಲಿ ನಡೆಯಲ್ಲ. ಮೊಟ್ಟೆ ಇಡುವ ಮೇಲಿನ ತೊರೆಗಳಲ್ಲಿ ಚಳಿಗಾಲದಲ್ಲಿ ಗಾಳ ಹಾಕುವಂತೆಯೇ ಇಲ್ಲ. ಸುತ್ತಲಿನ ಹಸುಗಳ ಫಾರ್ಮಿನಿಂದ ಎಷ್ಟು ಸಾರಜನಕ ಸರೋವರ ಸೇರಬಹುದು ಅನ್ನೋದಕ್ಕೂ ಮಿತಿ ಇದೆ. ಮಾರಾಟ ನಿಷೇಧವೂ ಈ ಲೆಕ್ಕದ್ದೇ ಒಂದು ಭಾಗ. ಮೀನಿಗೆ ಬೆಲೆ ಬಂತೆಂದರೆ ಕಳ್ಳಬಲೆ ಬೀಳುತ್ತೆ.

ಯಾರ ಸರೋವರ?

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಕತೆ ಆಗುತ್ತೆ. ಉಳಿದರ್ಧ ಹೇಳಿದ್ದು ನನ್ನ ಟೆಸ್ಟರ್ ಗೆಳೆಯ.

ಈ ಸರೋವರ ಅವನ ಕುಲದವರದು. ಙಾಟಿ ತೂಫರೆಟೋವ ಅನ್ನುವ ಮಾವೊರಿ ಜನ. ಕೋವಾರೊ ಅವರ ಅನ್ನವಾಗಿತ್ತು. ಬಲೆ ಹಾಕಿ ಹಿಡೀತಿದ್ದರು, ಒಣಗಿಸಿ ಇಡ್ತಿದ್ದರು, ಬೇರೆ ಊರಿನವರೊಂದಿಗೆ ಬದಲಾಯಿಸಿಕೊಳ್ತಿದ್ದರು. ಟ್ರೌಟ್ ಅದನ್ನು ತಿಂದು ಮುಗಿಸಿತು. ಅವರ ಊಟದ ಮೀನು ಹೋಗಿ ಬೇರೆಯವರ ಆಟದ ಮೀನು ಬಂತು, ಆ ಆಟದ ಮೀನು ಹಿಡಿಯೋಕೆ ಅವರೇ ಲೈಸೆನ್ಸ್ ತಗೋಬೇಕಾಯ್ತು.

1926ರಲ್ಲಿ ಒಂದು ಒಪ್ಪಂದ ಆಯ್ತು. ಸರೋವರದ ತಳ ಸರ್ಕಾರಕ್ಕೆ ಹೋಯ್ತು. ಬದಲಿಗೆ ಕುಲದ ಟ್ರಸ್ಟಿಗೆ ವರ್ಷಕ್ಕೆ 3 ಸಾವಿರ ಪೌಂಡ್, ಜೊತೆಗೆ ಲೈಸೆನ್ಸಿನ ಆದಾಯ ಅದನ್ನು ಮೀರಿದರೆ ಅದರಲ್ಲಿ ಅರ್ಧ. 1992ರಲ್ಲಿ ತಳದ ಒಡೆತನ ಮತ್ತೆ ಅವರ ಕೈಗೆ ಬಂತು. ಆದರೂ ಜನ ಬಂದು ಈಜಬಹುದು, ಲೈಸೆನ್ಸ್ ಇದ್ದರೆ ಮೀನು ಹಿಡೀಬಹುದು. ಅಂದರೆ ನಾನು ಸೊಂಟದ ನೀರಿನಲ್ಲಿ ನಿಂತಿರುವಾಗ ನನ್ನ ಬೂಟಿನ ಕೆಳಗಿನ ಮರಳು ಇನ್ನೊಬ್ಬರದು. ಅವರು ಬಿಟ್ಟಿದ್ದರಿಂದ ನಿಂತಿದ್ದೀನಿ.

"ಹಾಗಾದರೆ ಟ್ರೌಟ್ ಕಂಡರೆ ನಿಮ್ಮವರಿಗೆ ಸಿಟ್ಟಿಲ್ವಾ?" ಅಂತ ಕೇಳಿದ್ದೆ. "ಅಜ್ಜಿಗೆ ಇತ್ತು. ನಾನು ಹುಟ್ಟುವ ಹೊತ್ತಿಗೆ ಅದೇ ನಮ್ಮ ಮೀನಾಗಿತ್ತು. ಮನೆಗೆ ನೆಂಟರು ಬಂದರೆ ಅದನ್ನೇ ಬಡಿಸೋದು" ಅಂದ. ಸೋಮವಾರ ಪೇಪರಿನಲ್ಲಿ ಸುತ್ತಿಕೊಂಡು ಬಂದದ್ದು ಏನು ಅಂತ ನನಗೆ ಗೊತ್ತಾದದ್ದು ಆವತ್ತು.

ಬಿಡೋದಾದ್ರೆ ಹಿಡಿಯೋದ್ಯಾಕೆ?

ಮೂರು ಕೆಜಿಯ ಆ ಹೆಣ್ಣು ಮೀನನ್ನು ನಾನು ವಾಪಸ್ ಬಿಟ್ಟೆ. ಕೈ ಒದ್ದೆ ಮಾಡಿಕೊಂಡು ಹಿಡೀಬೇಕು, ಒಣಗಿದ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ನೀರಿನೊಳಗೇ ಮುಳ್ಳು ಬಿಡಿಸಿ, ತಲೆ ಹರಿವಿನ ಕಡೆ ಮಾಡಿ, ಅದು ತಾನಾಗಿ ಬಾಲ ಬೀಸುವವರೆಗೆ ಹಿಡಿದಿರಬೇಕು.

ಫೋಟೋ ನೋಡಿ ಅಮ್ಮ ವಿಡಿಯೋ ಕಾಲಿನಲ್ಲಿ ಬೈದರು. "ಅಲ್ಲ ಮಾರಾಯ, ಬಿಡೋದಾದ್ರೆ ಹಿಡಿಯೋದ್ಯಾಕೆ? ಅದರ ಬಾಯಿ ಹರಿದು ನಿಂಗೆ ಆಟವಾ? ತಿನ್ನೋದಾದ್ರೆ ಹಿಡಿ, ಇಲ್ಲಾಂದ್ರೆ ಸುಮ್ನಿರು."

ಅಮ್ಮನ ಮಾತಿಗೆ ಉತ್ತರ ಹುಡುಕೋದು ಸುಲಭ ಇಲ್ಲ. ಬಿಟ್ಟ ಮೀನೆಲ್ಲ ಬದುಕಲ್ಲ. ಬೆಚ್ಚಗಿನ ನೀರಿನಲ್ಲಿ ತುಂಬ ಹೊತ್ತು ಆಡಿಸಿದರೆ ಈಜಿಕೊಂಡು ಹೋದದ್ದೂ ಆಮೇಲೆ ಸಾಯಬಹುದು. ಇನ್ನೊಂದು ಕಡೆ, ಎಲ್ಲವನ್ನೂ ಬಿಡೋದೂ ಸರೋವರಕ್ಕೆ ಒಳ್ಳೆಯದಲ್ಲ ಅಂತ 1910ರ ದಶಕದ ಕತೆಯೇ ಹೇಳುತ್ತೆ. ತೆಗೆಯೋದೂ ಒಂದು ಕಾಪಾಡುವ ಕೆಲಸ. ಹಾಗಾಗಿ ಈಗ ನನ್ನ ಪದ್ಧತಿ ಇಷ್ಟು. ಮಧ್ಯಮ ಗಾತ್ರದ ಒಂದು ಮೀನು ಸಿಕ್ಕಿದರೆ ಮನೆಗೆ. ಆ ದಿನಕ್ಕೆ ಅಲ್ಲಿಗೆ ಮುಗೀತು, ಕೋಲು ಮಡಚೋದು. ಅದಕ್ಕೆ ಮೊದಲು ಏರೋಕೆ ಹೊರಟ ಮೊಟ್ಟೆ ತುಂಬಿದ ದೊಡ್ಡ ಹೆಣ್ಣು ಬಂದರೆ ನೀರಿಗೆ. ಒಯ್ದದ್ದರಲ್ಲಿ ಅರ್ಧ ಪಕ್ಕದ ಮನೆಯ ಪಂಜಾಬಿ ಅಂಕಲ್‌ಗೆ. ಅರಿಶಿನ, ಖಾರ, ವಾಟೆಹುಳಿ ಹಚ್ಚಿ ಹುರಿದರೆ ಟ್ರೌಟ್ ನಮ್ಮೂರ ಮೀನಿನ ಹಾಗೇ ಆಗುತ್ತೆ. ವಾಟೆಹುಳಿ ಅಮ್ಮನೇ ಕಳಿಸೋದು, ಬೈದುಕೊಂಡೇ.

ಅಪ್ಪಯ್ಯ ಮಾತ್ರ ಬೇರೆ ಪ್ರಶ್ನೆ ಕೇಳಿದರು. "ಮೇಲೆ ತೊರೆಯಲ್ಲಿ ಯಾರೂ ಹಿಡಿಯಲ್ವಾ? ರಾತ್ರಿ ಕದ್ದೂ ಹಿಡಿಯಲ್ವಾ?" ಕದಿಯುವವರು ಎಲ್ಲ ಕಡೆ ಇದ್ದಾರೆ, ಸಿಕ್ಕಿಬಿದ್ದರೆ ಕೋರ್ಟಿಗೆ ಎಳೀತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ನಮ್ಮ ಹಳ್ಳದ ಕತೆ ಇಬ್ಬರಿಗೂ ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಹತ್ತುಮೀನಿನ ರಾತ್ರಿ ಒಂದೊಂದು ಕೂಣಿಗೆ ಬುಟ್ಟಿ ತುಂಬ ಬೀಳ್ತಿತ್ತು. ಈಗ ಹಿಡಿ ಮೀನು. ಬೇಸಿಗೆಯಲ್ಲಿ ಗುಂಡಿಗಳಿಗೆ ತೋಟೆ ಹಾಕಿದವರಿದ್ದಾರೆ, ಬ್ಲೀಚಿಂಗ್ ಪೌಡರ್ ಸುರಿದವರಿದ್ದಾರೆ. ಆದರೆ ಹಿಡಿಯದ ಮೀನು ಎಷ್ಟು ದೊಡ್ಡದಾಗುತ್ತೆ ಅಂತ ನೋಡೋಕೆ ನ್ಯೂಜಿಲೆಂಡಿಗೆ ಬರಬೇಕಿಲ್ಲ. ಶೃಂಗೇರಿಯ ಮೆಟ್ಟಿಲಿಗೆ ಹೋಗಿ ಮಂಡಕ್ಕಿ ಎಸೆದರೆ ಸಾಕು, ಇಲ್ಲವೇ ನಮ್ಮ ಪಕ್ಕದ ಚಿಪ್ಪಲಗುಡ್ಡೆಗೆ. ಅದೇ ತುಂಗೆ, ಅದೇ ನೀರು. ಅಲ್ಲಿ ದೇವರ ಹೆಸರಿನಲ್ಲಿ ಕೈ ತಡೆದಿದ್ದಾರೆ, ಇಲ್ಲಿ ಕಾನೂನಿನ ಹೆಸರಿನಲ್ಲಿ. ನಡುವೆ ಇರುವ ನಮ್ಮ ಹಳ್ಳಕ್ಕೆ ಎರಡೂ ಇಲ್ಲ.

ಈ ಮೇ ತಿಂಗಳಲ್ಲಿ ಅಪ್ಪಯ್ಯ ಫೋನ್ ಮಾಡಿದ್ದರು. ನಮ್ಮ ಗದ್ದೆಯ ಅಂಚಿನಲ್ಲಿ ಕೂಣಿಯನ್ನು ಈ ಸಲ ಹಳ್ಳದ ಅರ್ಧಕ್ಕೆ ಮಾತ್ರ ಇಡ್ತಾರಂತೆ, ಉಳಿದರ್ಧ ಮೀನು ಏರೋಕೆ ಬಿಡ್ತಾರಂತೆ. ಕೆಳಗಿನ ಮನೆಯವರು ನಕ್ಕರಂತೆ, ಮೇಲಿನ ಮನೆಯವರು ಪೂರ್ತಿ ಅಡ್ಡ ಇಡೋರೇ. "ಅವರು ಹಿಡಿಯೋದಾದ್ರೆ ನಾವು ಬಿಟ್ಟು ಏನು ಬಂತು?" ಅಂತ ಅಮ್ಮ ಕೇಳಿದ್ದಾರೆ. ಅಪ್ಪಯ್ಯ ಜೂನಿನಲ್ಲಿ ಹೋಗಿ ಮೇಲಿನ ಮನೆಯವರ ಹತ್ತಿರ ಮಾತಾಡ್ತಾರಂತೆ.

ಮಾತು ಹೇಗಾಯ್ತು ಅಂತ ಮುಂದಿನ ಸಲ ಬರೀತೀನಿ. ನಿಮ್ಮೂರಲ್ಲೂ ಹಳ್ಳ ಇದ್ದರೆ, ಹತ್ತುಮೀನು ಈಗಲೂ ಏರುತ್ತಾ ಅಂತ ಒಮ್ಮೆ ಮನೆಗೆ ಫೋನ್ ಮಾಡಿ ಕೇಳಿ ನೋಡಿ.